ಪದವಿಯೋ, ಪರಿಚರ್ಯೆಯೋ? ಆದಿ ಕ್ರೈಸ್ತಸಭೆಯ ಸ್ತ್ರೀಯರು

(ಸಂಘದ ಮಹಿಳಾ ವಿಭಾಗದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಧರ್ಮ ಮತ್ತು ಸ್ತ್ರೀ ಎಂಬ ಈ ಮಾಲೆಯಲ್ಲಿ ಕ್ರೈಸ್ತಧರ್ಮದ ಕುರಿತು ಮಾತನಾಡುವ ಹೊಣೆಯನ್ನು ತಾವು ನನಗೆ ವಹಿಸಿದ್ದೀರಿ. ನಾನು ದೇವತಾಶಾಸ್ತ್ರವನ್ನು ಅಧ್ಯಯನ ಮಾಡಿದವಳಲ್ಲ. ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿಕೊಂಡು ಬಂದವಳು. ಆದ್ದರಿಂದ ಸ್ತ್ರೀಯರಿಗೆ ಗುರುದೀಕ್ಷೆ ಕೊಡಬೇಕೆ, ಬಾರದೆ ಎಂಬ ಪ್ರಶ್ನೆಗೆ ಧರ್ಮನಿರ್ಣಯ ಕೊಡುವ ಅಧಿಕಾರ ನನಗಿಲ್ಲ. ಮೊದಲ ಐದಾರು ಶತಮಾನಗಳಲ್ಲಿ ಸಭೆಯ ಕಾರ್ಯದಲ್ಲಿ ಸ್ತ್ರೀಯರು ಯಾವ ಸ್ಥಾನದಲ್ಲಿದ್ದರು, ಆ ಸ್ಥಾನದ ನೆನಪು ಮುಂದೆ ಹೇಗೆ ಮಸುಕಾಯಿತು ಎಂಬುದಷ್ಟೇ ಇಂದಿನ ನನ್ನ ವಿಷಯ. ಇಲ್ಲಿ 'ಸಭೆ' ಎಂಬ ಪದವನ್ನು ಕನ್ನಡ ಕ್ರೈಸ್ತರು ಬಳಸುವ ಅರ್ಥದಲ್ಲಿ, ಅಂದರೆ ಭಕ್ತರ ಸಮುದಾಯ ಎಂಬ ಅರ್ಥದಲ್ಲಿಯೇ ಬಳಸುತ್ತೇನೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುವುದು ಉಚಿತ. ಆದಿಸಭೆಯಲ್ಲಿ ಸ್ತ್ರೀಯರು ಬರಿಯ ಶ್ರೋತೃಗಳಾಗಿರಲಿಲ್ಲ, ಕಾರ್ಯಕರ್ತೆಯರಾಗಿದ್ದರು; ಅವರಲ್ಲಿ ಕೆಲವರಿಗೆ ಪದವಿಸೂಚಕವಾದ ಹೆಸರುಗಳೂ ಇದ್ದವು. ಅವರು ಮರೆಯಾದದ್ದು ನಿಷೇಧಗಳಿಂದ ಮಾತ್ರವಲ್ಲ. ಪುರುಷನಿಗೆ ಹತ್ತಿದಾಗ ಪದವಿಯೆಂದು ಓದಿಸಿಕೊಂಡ ಮಾತು, ಸ್ತ್ರೀಗೆ ಹತ್ತಿದಾಗ ಪರಿಚರ್ಯೆಯೆಂದು ಓದಿಸಿಕೊಂಡಿತು. ಹೀಗೆ ನಕಲುಗಾರರ, ವ್ಯಾಖ್ಯಾನಕಾರರ, ಅನುವಾದಕರ ಕೈಯಲ್ಲಿ ಅವರು ಸ್ವಲ್ಪ ಸ್ವಲ್ಪವಾಗಿ ಕರಗಿದರು.

1. ಮನೆಯಲ್ಲಿ ಹುಟ್ಟಿದ ಸಭೆ

ಇಂದು ಚರ್ಚು ಎಂದೊಡನೆ ಗೋಪುರ, ಗಂಟೆ, ವೇದಿಕೆ ನಮ್ಮ ಕಣ್ಣಮುಂದೆ ಬರುತ್ತವೆ. ಒಂದನೆಯ ಶತಮಾನದಲ್ಲಿ ಇವು ಯಾವುವೂ ಇರಲಿಲ್ಲ. ಭಕ್ತರು ಯಾರಾದರೊಬ್ಬರ ಮನೆಯಲ್ಲಿ ಕೂಡುತ್ತಿದ್ದರು, ಒಟ್ಟಿಗೆ ಉಣ್ಣುತ್ತಿದ್ದರು, ಪ್ರಾರ್ಥಿಸುತ್ತಿದ್ದರು, ದೂರದ ಊರಿನಿಂದ ಬಂದ ಪತ್ರಗಳನ್ನು ಓದಿಸಿ ಕೇಳುತ್ತಿದ್ದರು. ಮನೆಯೇ ಸಭಾಸ್ಥಾನವಾದಾಗ ಮನೆಯೊಡತಿಯ ಸ್ಥಾನವೂ ಗಣ್ಯವಾಗುವುದು ಸಹಜ. ಇದು ಹೊರನಾಡಿನವರಾದ ನಮಗೆ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ.

ಆ ಮನೆಗಳ ಒಡೆಯರಲ್ಲಿ ಅನೇಕರು ಊರು ಬಿಟ್ಟು ಊರಿಗೆ ಬಂದವರೇ. ಅಪೊಸ್ತಲರ ಕೃತ್ಯಗಳು ಎಂಬ ಗ್ರಂಥದಲ್ಲಿ ಬರುವ ಲುದ್ಯಳು ಏಷ್ಯಾ ಮೈನರಿನ ಥುವತೈರ ಪಟ್ಟಣದವಳು. ಆದರೆ ಅವಳು ಧೂಮ್ರವರ್ಣದ ಬೆಲೆಬಾಳುವ ಬಟ್ಟೆಯ ವ್ಯಾಪಾರ ಮಾಡುತ್ತಿದ್ದುದು ಸಮುದ್ರದಾಚೆಯ ಫಿಲಿಪ್ಪಿಯಲ್ಲಿ. ಅವಳು ಮನೆಮಂದಿಯೊಂದಿಗೆ ದೀಕ್ಷಾಸ್ನಾನ ಪಡೆದು, ಪೌಲನನ್ನೂ ಅವನ ಸಂಗಡಿಗರನ್ನೂ ಒತ್ತಾಯಪಡಿಸಿ ತನ್ನ ಮನೆಯಲ್ಲಿ ಇಳಿಸಿಕೊಂಡಳು. ಸೆರೆಮನೆಯಿಂದ ಬಿಡುಗಡೆಯಾದ ಪೌಲನು ಭಕ್ತರನ್ನು ಕಾಣಲು ಬಂದದ್ದೂ ಅವಳ ಮನೆಗೇ. ಗಂಡನ ಹೆಸರಾಗಲಿ ತಂದೆಯ ಹೆಸರಾಗಲಿ ಇಲ್ಲದೆ, ಊರು ಮತ್ತು ಉದ್ಯೋಗಗಳಿಂದಲೇ ಗುರುತಿಸಲ್ಪಟ್ಟ ಸ್ತ್ರೀ ಅವಳು.

ಪ್ರಿಸ್ಕಿಲ್ಲ ಮತ್ತು ಅಕ್ವಿಲರು ಗುಡಾರ ಮಾಡುವ ಕಸುಬಿನ ದಂಪತಿಗಳು. ಕ್ಲೌದಿಯ ಚಕ್ರವರ್ತಿ ಯೆಹೂದ್ಯರನ್ನು ರೋಮಿನಿಂದ ಹೊರಡಿಸಿದಾಗ ಅವರು ಕೊರಿಂಥಕ್ಕೆ ಬಂದರು. ಅಲ್ಲಿಂದ ಎಫೆಸಕ್ಕೆ, ಮುಂದೆ ಮತ್ತೆ ರೋಮಿಗೆ. ಎಫೆಸದಲ್ಲಿಯೂ ರೋಮಿನಲ್ಲಿಯೂ ಅವರ ಮನೆಯಲ್ಲಿ ಸಭೆ ಕೂಡುತ್ತಿತ್ತೆಂದು ಪೌಲನ ಪತ್ರಗಳೇ ಹೇಳುತ್ತವೆ. ಹೊಸ ಒಡಂಬಡಿಕೆಯಲ್ಲಿ ಈ ದಂಪತಿಗಳ ಪ್ರಸ್ತಾಪ ಆರು ಕಡೆ ಬರುತ್ತದೆ. ಅವುಗಳಲ್ಲಿ ನಾಲ್ಕು ಕಡೆ ಹೆಂಡತಿಯ ಹೆಸರೇ ಮೊದಲು. ಆ ಕಾಲದ ಬರವಣಿಗೆಯಲ್ಲಿ ಇದು ಅಪರೂಪ. ಅಪೊಲ್ಲೋಸನೆಂಬ ವಾಗ್ಮಿಯು ಎಫೆಸಕ್ಕೆ ಬಂದು ಬೋಧಿಸಿದಾಗ, ಅವನ ತಿಳಿವಳಿಕೆಯಲ್ಲಿದ್ದ ಕೊರತೆಯನ್ನು ಕಂಡು ಅವನನ್ನು ಕರೆದು ಮತ್ತಷ್ಟು ಸ್ಪಷ್ಟವಾಗಿ ಉಪದೇಶಿಸಿದವರು ಈ ಇಬ್ಬರು. ಅತ್ಯಂತ ಪ್ರಾಚೀನ ಹಸ್ತಪ್ರತಿಗಳಲ್ಲಿ ಈ ಸಂದರ್ಭದಲ್ಲಿ ಪ್ರಿಸ್ಕಿಲ್ಲಳ ಹೆಸರು ಮೊದಲಿದೆ. ಮುಂದಿನ ಹಲವು ಪ್ರತಿಗಳಲ್ಲಿ ಅದು ಅದಲುಬದಲಾಗಿ ಅಕ್ವಿಲನ ಹೆಸರು ಮುಂದೆ ಬಂದಿತು. 1611ರ ಇಂಗ್ಲಿಷ್ ಬೈಬಲೂ ಆ ಪಾಠವನ್ನೇ ಅನುಸರಿಸಿತು. ವಿದ್ವಾಂಸನಾದ ಪುರುಷನಿಗೆ ಪಾಠ ಹೇಳಿದವರಲ್ಲಿ ಹೆಂಗಸಿನ ಹೆಸರು ಮೊದಲಿರುವುದು ಯಾರೋ ನಕಲುಗಾರನಿಗೆ ಸರಿಬರಲಿಲ್ಲವೆಂದು ಊಹಿಸಿದರೆ ತಪ್ಪಾಗಲಾರದು.

ಇದೇ ಬಗೆಯ ಇನ್ನೊಂದು ನಿದರ್ಶನ ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ ಕೊನೆಯಲ್ಲಿದೆ. ನುಂಫ ಎಂಬವಳಿಗೂ ಅವಳ ಮನೆಯಲ್ಲಿ ಕೂಡುವ ಸಭೆಗೂ ಅಲ್ಲಿ ವಂದನೆ ಸಲ್ಲಿದೆ. ಗ್ರೀಕಿನಲ್ಲಿ ಈ ಹೆಸರಿನ ರೂಪದಿಂದ ಮಾತ್ರ ಗಂಡೋ ಹೆಣ್ಣೋ ನಿಶ್ಚಯವಾಗುವುದಿಲ್ಲ; ಮುಂದೆ ಬರುವ ಸರ್ವನಾಮದಿಂದ ನಿಶ್ಚಯವಾಗಬೇಕು. ಕೆಲವು ಪ್ರತಿಗಳಲ್ಲಿ 'ಅವಳ ಮನೆ' ಎಂದಿದ್ದರೆ, ಬೇರೆ ಹಲವು ಪ್ರತಿಗಳಲ್ಲಿ 'ಅವನ ಮನೆ' ಎಂದಾಗಿದೆ. 1611ರ ಅನುವಾದದಲ್ಲಿ ಅವಳು ಗಂಡಸೇ ಆಗಿಬಿಟ್ಟಳು. ಇಂದಿನ ಸಂಪಾದಕರು ಸ್ತ್ರೀರೂಪವನ್ನೇ ಮೂಲಪಾಠವೆಂದು ಸ್ವೀಕರಿಸಿದ್ದಾರೆ.

2. ಒಂದು ಪತ್ರದ ಕೊನೆಯ ಪುಟ

ಸುಮಾರು 57ನೆಯ ಇಸವಿಯಲ್ಲಿ ಪೌಲನು ಕೊರಿಂಥದಿಂದ ರೋಮಿನ ಭಕ್ತರಿಗೆ ಪತ್ರ ಬರೆದನು. ಅದರ ಕೊನೆಯ ಅಧ್ಯಾಯ, ಹದಿನಾರನೆಯದು, ಹೆಚ್ಚುಕಡಿಮೆ ಹೆಸರುಗಳ ಪಟ್ಟಿ. ತತ್ತ್ವವನ್ನು ಅರಸುವವರು ಅದನ್ನು ದಾಟಿ ಹೋಗುತ್ತಾರೆ. ಇತಿಹಾಸದವರಿಗಾದರೋ ಅದೇ ನಿಧಿ. ಅಲ್ಲಿ ಹತ್ತು ಮಂದಿ ಸ್ತ್ರೀಯರ ಪ್ರಸ್ತಾಪವಿದೆ: ಫೊಯಿಬೆ, ಪ್ರಿಸ್ಕಿಲ್ಲ, ಮರಿಯ, ಯೂನ್ಯ, ತ್ರುಫೈನ, ತ್ರುಫೋಸ, ಪೆರ್ಸಿಸ್, ಯೂಲ್ಯ, ರೂಫನ ತಾಯಿ, ನೇರ್ಯನ ಸಹೋದರಿ. ಸಭೆಗಾಗಿ ಶ್ರಮಪಟ್ಟವರೆಂದು ಪೌಲನು ಹೊಗಳುವಾಗ ಬಳಸುವ ಒಂದು ಕ್ರಿಯಾಪದವಿದೆ. ತನ್ನ ಅಪೊಸ್ತಲಕಾರ್ಯಕ್ಕೂ ಅವನು ಬೇರೆಡೆ ಅದನ್ನೇ ಬಳಸುತ್ತಾನೆ. ಈ ಅಧ್ಯಾಯದಲ್ಲಿ ಆ ಮಾತು ನಾಲ್ವರಿಗೆ ಸಂದಿದೆ: ಮರಿಯ, ತ್ರುಫೈನ, ತ್ರುಫೋಸ, ಪೆರ್ಸಿಸ್. ನಾಲ್ವರೂ ಸ್ತ್ರೀಯರೇ.

ಪಟ್ಟಿಯ ಮೊದಲ ಹೆಸರು ಫೊಯಿಬೆಯದು. ಅವಳು ಕೊರಿಂಥದ ಪೂರ್ವದಿಕ್ಕಿನ ಬಂದರಾದ ಕೆಂಖ್ರೆಯವಳು. ರೋಮಿಗೆ ಹೊರಟಿದ್ದ ಅವಳ ಕೈಯಲ್ಲಿಯೇ ಪೌಲನು ಈ ಪತ್ರವನ್ನು ಕಳುಹಿಸಿದನೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಅವಳನ್ನು ಪರಿಚಯಿಸುವಾಗ ಅವನು ಎರಡು ಪದಗಳನ್ನು ಬಳಸುತ್ತಾನೆ. ಒಂದು 'ಡಿಯಾಕೊನೊಸ್', ಇನ್ನೊಂದು 'ಪ್ರೊಸ್ಟಾಟಿಸ್'. ಇಂದಿನ ನನ್ನ ಉಪನ್ಯಾಸದ ಮುಖ್ಯಭಾಗ ಈ ಎರಡು ಪದಗಳ ಅದೃಷ್ಟವನ್ನು ಕುರಿತದ್ದೇ ಆಗಿದೆ.

'ಡಿಯಾಕೊನೊಸ್' ಎಂದರೆ ಸೇವೆ ಮಾಡುವವನು, ಒಬ್ಬರ ಪರವಾಗಿ ಕಾರ್ಯಭಾರ ಹೊತ್ತವನು. ಪೌಲನು ಈ ಪದವನ್ನು ತನಗೂ ಅಪೊಲ್ಲೋಸನಿಗೂ ಬಳಸಿಕೊಂಡಿದ್ದಾನೆ. ತುಖಿಕನೆಂಬ ಸಹೋದ್ಯೋಗಿಗೂ ಈ ಪದ ಸಂದಿದೆ. ಫಿಲಿಪ್ಪಿಯ ಸಭೆಗೆ ಬರೆಯುವಾಗ ಅಲ್ಲಿನ ಅಧ್ಯಕ್ಷರ ಜೊತೆಯಲ್ಲಿ ಹೆಸರಿಸಿದ ಕಾರ್ಯಕರ್ತರನ್ನೂ ಅವನು ಹೀಗೆಯೇ ಕರೆದಿದ್ದಾನೆ. 1611ರ ಇಂಗ್ಲಿಷ್ ಬೈಬಲನ್ನು ತೆರೆದು ನೋಡಿ. ಪೌಲ, ಅಪೊಲ್ಲೋಸ, ತುಖಿಕರ ವಿಷಯದಲ್ಲಿ ಅದು 'ಮಿನಿಸ್ಟರ್' ಎಂದಾಯಿತು. ಫಿಲಿಪ್ಪಿಯವರ ವಿಷಯದಲ್ಲಿ 'ಡೀಕನ್' ಎಂದಾಯಿತು. ಫೊಯಿಬೆಯ ವಿಷಯದಲ್ಲಿ ಮಾತ್ರ 'ಸರ್ವೆಂಟ್' ಎಂದಾಯಿತು. ಮೂಲದಲ್ಲಿ ಪದ ಒಂದೇ. ಪೌಲನು ಅವಳಿಗಾಗಿ ಅದರ ರೂಪವನ್ನು ಕೂಡ ಬದಲಿಸಿಲ್ಲ. 'ಡೀಕನೆಸ್' ಎಂಬುದಕ್ಕೆ ಸಮನಾದ ಪ್ರತ್ಯೇಕ ಸ್ತ್ರೀರೂಪ ಗ್ರೀಕಿನಲ್ಲಿ ರೂಢಿಗೆ ಬಂದದ್ದು ಬಹುಕಾಲದ ನಂತರ.

ಎರಡನೆಯ ಪದ ಇನ್ನೂ ಕುತೂಹಲಕರವಾದದ್ದು. 'ಪ್ರೊಸ್ಟಾಟಿಸ್' ಎಂದರೆ ಆಶ್ರಯದಾತೆ, ಪೋಷಕಿ. ಇದರ ಪುಂಲ್ಲಿಂಗರೂಪವನ್ನು ಗ್ರೀಕ್ ಸಂಘಸಂಸ್ಥೆಗಳಲ್ಲಿ ಪೋಷಕನಿಗೂ ಮುಖ್ಯಸ್ಥನಿಗೂ ಬಳಸುತ್ತಿದ್ದರು. ಫೊಯಿಬೆಯು ಅನೇಕರಿಗೆ, ತನಗೂ ಸಹ, ಹಾಗಿದ್ದಳೆಂದು ಪೌಲನು ಹೇಳುತ್ತಾನೆ. ಅನುವಾದಗಳಲ್ಲಿ ಅವಳು ಬಹುಕಾಲ 'ಸಹಾಯ ಮಾಡಿದವಳು' ಮಾತ್ರವಾಗಿ ಉಳಿದಳು. ನಮ್ಮ ಸಂಘಗಳ ವಾರ್ಷಿಕ ವರದಿಗಳಲ್ಲಿ ಪೋಷಕರು, ಮಹಾಪೋಷಕರು ಎಂಬ ಪಟ್ಟಿ ಮೊದಲ ಪುಟದಲ್ಲಿಯೇ ಅಚ್ಚಾಗುತ್ತದೆ. 'ನೆರವಾದವರು' ಎಂಬ ಪಟ್ಟಿ ಕೊನೆಯ ಪುಟದ ಕೆಳಗೆ. ಅರ್ಥ ಹತ್ತಿರದ್ದೇ ಆದರೂ ಗೌರವದಲ್ಲಿ ಎಷ್ಟು ಅಂತರವೆಂಬುದನ್ನು ಇದರಿಂದ ಊಹಿಸಬಹುದು.

ಆ ಪದಕ್ಕೆ ಪೋಷಕತ್ವದ ಅರ್ಥ ನಿಜವಾಗಿಯೂ ಇತ್ತೆ ಎಂಬ ಸಂದೇಹಕ್ಕೆ ಶಾಸನಾಧಾರವೇ ಇದೆ. ಕೊರಿಂಥದ ಸಮೀಪದಲ್ಲಿ 1954ರಲ್ಲಿ ದೊರೆತ ಒಂದು ಶಿಲಾಶಾಸನವು ಯೂನಿಯಾ ಥಿಯೊಡೋರಾ ಎಂಬ ಸ್ತ್ರೀಯನ್ನು ಸ್ತುತಿಸುತ್ತದೆ. ಇವಳು ಕ್ರೈಸ್ತಳಲ್ಲ, ಆದರೆ ಒಂದನೆಯ ಶತಮಾನದವಳು, ಫೊಯಿಬೆಗೆ ಹೆಚ್ಚುಕಡಿಮೆ ಸಮಕಾಲೀನಳು, ಅದೇ ಸೀಮೆಯವಳು. ಲುಕ್ಯ ದೇಶದಿಂದ ಸಮುದ್ರ ದಾಟಿ ಕೊರಿಂಥಕ್ಕೆ ಬರುವವರಿಗೆಲ್ಲ ಈಕೆ ತನ್ನ ಮನೆಯಲ್ಲಿ ಆತಿಥ್ಯ ನೀಡುತ್ತಿದ್ದಳು, ಅಧಿಕಾರಿಗಳ ಬಳಿ ಅವರ ಕೆಲಸ ಮಾಡಿಸಿಕೊಡುತ್ತಿದ್ದಳು. ಆ ದೇಶದ ಒಕ್ಕೂಟವೂ ಪಟ್ಟಣಗಳೂ ನಿರ್ಣಯ ಮಾಡಿ ಅವಳನ್ನು ಗೌರವಿಸಿದವು. ಅವಳ ಕಾರ್ಯವನ್ನು ಹೆಸರಿಸಲು ಬಳಸಿದ ಪದವು ಫೊಯಿಬೆಗೆ ಸಂದ ಪದದ ಧಾತುವಿನಿಂದಲೇ ಹುಟ್ಟಿದ್ದು. ಪರಸ್ಥಳದಲ್ಲಿ ತನ್ನ ನಾಡಿನವರಿಗೆ ಆಸರೆಯಾದ ಹೆಂಗಸನ್ನು ಕಲ್ಲಿನಲ್ಲಿ ಕೆತ್ತಿಸಿ ನೆನೆಯುವ ಸಂಪ್ರದಾಯ ಆ ಊರಿನಲ್ಲಿತ್ತು. ಫೊಯಿಬೆಗೆ ಕಲ್ಲು ಸಿಗಲಿಲ್ಲ, ಪತ್ರದ ಎರಡು ವಾಕ್ಯ ಸಿಕ್ಕಿತು.

3. ಒಂದು ಸ್ವರಚಿಹ್ನೆಯ ಕಥೆ

ಅದೇ ಪಟ್ಟಿಯಲ್ಲಿ ಅಂದ್ರೋನಿಕ ಮತ್ತು ಯೂನ್ಯ ಎಂಬ ಇಬ್ಬರಿದ್ದಾರೆ. ಅವರು ತನ್ನ ಸ್ವಜನರು, ತನ್ನೊಂದಿಗೆ ಸೆರೆಯಲ್ಲಿದ್ದವರು, ತನಗಿಂತ ಮೊದಲೇ ಕ್ರಿಸ್ತನನ್ನು ನಂಬಿದವರು, ಅಪೊಸ್ತಲರಲ್ಲಿ ಗಣ್ಯರು ಎಂದು ಪೌಲನು ಹೇಳುತ್ತಾನೆ. ಯೂನ್ಯ ಎಂಬುದು ಸ್ತ್ರೀನಾಮವಾದರೆ ಒಬ್ಬ ಸ್ತ್ರೀಗೆ ಅಪೊಸ್ತಲಪದವಿ ಸಂದಂತಾಯಿತು.

ಇಲ್ಲಿ ಒಂದು ವ್ಯಾಕರಣದ ತೊಡಕಿದೆ. ವಾಕ್ಯದಲ್ಲಿ ಹೆಸರು ದ್ವಿತೀಯಾವಿಭಕ್ತಿಯಲ್ಲಿದೆ. ಆ ರೂಪದಲ್ಲಿ ಸ್ತ್ರೀನಾಮವಾದ 'ಯೂನಿಯಾ' ಮತ್ತು ಕಲ್ಪಿತ ಪುರುಷನಾಮವಾದ 'ಯೂನಿಯಾಸ್' ಎರಡಕ್ಕೂ ಅಕ್ಷರಗಳು ಒಂದೇ. ಸ್ವರಚಿಹ್ನೆಯಲ್ಲಿ ಮಾತ್ರ ಭೇದ. ಅತಿ ಪ್ರಾಚೀನ ಪ್ರತಿಗಳಲ್ಲಿ ಸ್ವರಚಿಹ್ನೆ ಹಾಕುವ ಪದ್ಧತಿಯಿರಲಿಲ್ಲ. ಕನ್ನಡದಲ್ಲಿ ಗೌರವಾರ್ಥವಾಗಿ 'ಅವರು ಬಂದರು' ಎಂದರೆ ಬಂದವರು ಗಂಡಸೋ ಹೆಂಗಸೋ ತಿಳಿಯದಲ್ಲವೇ, ಹೆಚ್ಚುಕಡಿಮೆ ಅಂಥದೇ ಸಂದಿಗ್ಧ.

ಆದರೆ ಆ ಭಾಷೆಯನ್ನು ತಾಯ್ನುಡಿಯಾಗಿ ಆಡಿದವರಿಗೆ ಸಂದಿಗ್ಧವಿರಲಿಲ್ಲ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಜಾನ್ ಕ್ರಿಸೊಸ್ಟಮ್, ಸ್ತ್ರೀಪಕ್ಷಪಾತಿಯೆಂದು ಯಾರೂ ಹೇಳಲಾರದ ಪ್ರಸಂಗಕಾರ, ಈ ಹೆಂಗಸನ್ನು ಅಪೊಸ್ತಲಳೆಂದು ಎಣಿಸಿದ್ದನ್ನು ಕಂಡು ಅವಳ ವಿವೇಕ ಎಂಥದಿರಬೇಕೆಂದು ಕೊಂಡಾಡಿದ್ದಾನೆ. ಸ್ವರಚಿಹ್ನೆಯುಳ್ಳ ಮಧ್ಯಯುಗದ ಪ್ರತಿಗಳೂ ಅವಳನ್ನು ಸ್ತ್ರೀಯೆಂದೇ ಬರೆದಿವೆ. ಅವಳು ಗಂಡಸಾಗಲು ತೊಡಗಿದ್ದು ಪಶ್ಚಿಮದಲ್ಲಿ, ಹದಿಮೂರನೆಯ ಶತಮಾನದ ನಂತರ. ಲೂಥರನ ಜರ್ಮನ್ ಅನುವಾದವೂ ಅದೇ ದಾರಿ ಹಿಡಿಯಿತು. 1927ರಲ್ಲಿ, ಪಂಡಿತರೆಲ್ಲರೂ ಬಳಸುವ ಗ್ರೀಕ್ ಹೊಸ ಒಡಂಬಡಿಕೆಯ ಸಂಪಾದಿತ ಆವೃತ್ತಿಯಲ್ಲಿ ಪುರುಷನಾಮದ ಸ್ವರಚಿಹ್ನೆ ಮುದ್ರಣವಾಯಿತು. ಅದನ್ನು ಅನುಸರಿಸಿ 1946ರ ಪ್ರಸಿದ್ಧ ಇಂಗ್ಲಿಷ್ ಅನುವಾದವು ಇಬ್ಬರೂ ಗಂಡಸರೆಂದೇ ಸ್ಪಷ್ಟಪಡಿಸಿತು.

ಆಶ್ಚರ್ಯವೆಂದರೆ ಪುರಾತನ ಗ್ರೀಕ್, ಲ್ಯಾಟಿನ್ ಶಾಸನಗಳಲ್ಲಿ 'ಯೂನಿಯಾಸ್' ಎಂಬ ಗಂಡಸಿನ ಹೆಸರು ಒಮ್ಮೆಯೂ ದೊರೆತಿಲ್ಲ. 'ಯೂನಿಯಾ' ಎಂಬ ಹೆಂಗಸಿನ ಹೆಸರಾದರೋ ರೋಮ್ ನಗರವೊಂದರಲ್ಲೇ ಇನ್ನೂರೈವತ್ತಕ್ಕೂ ಹೆಚ್ಚು ಬಾರಿ ದೊರೆತಿದೆ. ಹಾಗಾದರೆ ಪುರುಷನಾಮವನ್ನು ಕಲ್ಪಿಸಿದ್ದೇಕೆ? ಅಪೊಸ್ತಲನಾದ ಮೇಲೆ ಗಂಡಸೇ ಆಗಿರಬೇಕೆಂಬ ನಂಬಿಕೆಯೇ ಸಾಕ್ಷ್ಯದ ಸ್ಥಾನವನ್ನು ಆಕ್ರಮಿಸಿತು. ವಿದ್ವಾಂಸರ ದೀರ್ಘ ಚರ್ಚೆಯ ಬಳಿಕ 1998ರ ಮುದ್ರಣದಲ್ಲಿ ಸ್ತ್ರೀನಾಮದ ಸ್ವರಚಿಹ್ನೆ ಮರಳಿ ಬಂದಿತು. ಅವಳು ಹೆಂಗಸೆಂದು ಒಪ್ಪಿದವರಲ್ಲಿಯೂ ಕೆಲವರು, ಆ ವಾಕ್ಯಕ್ಕೆ 'ಅಪೊಸ್ತಲರಿಗೆ ಚೆನ್ನಾಗಿ ಪರಿಚಿತರು' ಎಂದಷ್ಟೇ ಅರ್ಥವೆಂದು ವಾದಿಸುತ್ತಾರೆ. ಆ ವಾದವನ್ನು ಗಮನಿಸಬೇಕು. ಆದರೆ ಅವಳು ಗಂಡಸೆಂದು ತಿಳಿದಿದ್ದ ಕಾಲದಲ್ಲಿ 'ಅಪೊಸ್ತಲರಲ್ಲಿ ಗಣ್ಯರು' ಎಂಬ ಅರ್ಥವನ್ನು ಪ್ರಶ್ನಿಸಿದವರು ವಿರಳವೆಂಬುದನ್ನೂ ಜೊತೆಯಲ್ಲೇ ಗಮನಿಸಬೇಕು.

ಮಗ್ದಲದ ಮರಿಯಳ ಕಥೆಯೂ ಇದಕ್ಕೆ ಹೊಂದುವಂಥದೇ. ನಾಲ್ಕು ಸುವಾರ್ತೆಗಳಲ್ಲಿಯೂ ಬರಿದಾದ ಸಮಾಧಿಯ ಬಳಿ ಕಾಣಿಸಿಕೊಳ್ಳುವ ಸ್ತ್ರೀ ಅವಳು. ಯೋಹಾನನ ಸುವಾರ್ತೆಯಲ್ಲಿ ಪುನರುತ್ಥಾನದ ವಾರ್ತೆಯನ್ನು ಶಿಷ್ಯರಿಗೆ ಒಯ್ಯುವ ಆಜ್ಞೆ ಪಡೆದವಳು. ವೇಶ್ಯೆಯೆಂದು ಯಾವ ಸುವಾರ್ತೆಯೂ ಅವಳನ್ನು ಹೇಳಿಲ್ಲ. 591ರಲ್ಲಿ ಗ್ರೆಗರಿ ಪೋಪನು ತನ್ನ ಪ್ರಸಂಗದಲ್ಲಿ ಲೂಕನ ಸುವಾರ್ತೆಯ ಹೆಸರಿಲ್ಲದ ಪಾಪಿನಿಯೂ ಇವಳೂ ಒಬ್ಬಳೇ ಎಂದು ಸೇರಿಸಿಬಿಟ್ಟನು. ಅಂದಿನಿಂದ ಪಶ್ಚಿಮದ ಚಿತ್ರಕಲೆಯಲ್ಲಿ ಅವಳು ಕೂದಲು ಕೆದರಿ ಅಳುವ ಪಶ್ಚಾತ್ತಾಪಿಯಾದಳು. 1969ರಲ್ಲಿ ರೋಮನ್ ಕಥೋಲಿಕ ಪಂಚಾಂಗ ಪರಿಷ್ಕರಣವಾದಾಗ ಈ ಮಿಶ್ರಣವನ್ನು ಕೈಬಿಡಲಾಯಿತು. 2016ರಲ್ಲಿ ಜುಲೈ 22ರ ಅವಳ ಸ್ಮರಣೆಯನ್ನು ಅಪೊಸ್ತಲರ ಹಬ್ಬಗಳ ದರ್ಜೆಗೆ ಏರಿಸಿದರು.

4. ಮೌನದ ವಿಧಿ

ಇಷ್ಟನ್ನು ಕೇಳಿದ ಮೇಲೆ, ಸ್ತ್ರೀಯರು ಸಭೆಯಲ್ಲಿ ಮೌನವಾಗಿರಬೇಕೆಂದು ಪೌಲನೇ ಹೇಳಿಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 14ನೆಯ ಅಧ್ಯಾಯದಲ್ಲಿ ಆ ಮಾತಿದೆ. ಆದರೆ ಅದೇ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ, ಸ್ತ್ರೀಯರು ಪ್ರಾರ್ಥಿಸುವಾಗ, ಪ್ರವಾದಿಸುವಾಗ ತಲೆಯ ಮೇಲೆ ಮುಸುಕಿರಬೇಕೆಂಬ ಸೂಚನೆಯೂ ಇದೆ. ಮೌನವಾಗಿರುವವಳು ಪ್ರವಾದಿಸುವುದೆಂತು? ಮೌನದ ವಾಕ್ಯಗಳು ಕೆಲವು ಪ್ರತಿಗಳಲ್ಲಿ ಬೇರೆ ಜಾಗದಲ್ಲಿ, ಅಧ್ಯಾಯದ ಕೊನೆಯಲ್ಲಿ ಬರುತ್ತವೆ. ಇದರಿಂದ ಅವು ಅಂಚಿನಲ್ಲಿ ಬರೆದು ಮುಂದೆ ಒಳಸೇರಿದ ಮಾತುಗಳೆಂದು ಕೆಲವು ವಿದ್ವಾಂಸರು ಭಾವಿಸುತ್ತಾರೆ. ಕೊರಿಂಥದ ಯಾವುದೋ ಗದ್ದಲವನ್ನು ತಡೆಯಲು ಹೇಳಿದ ಮಾತೆಂದು ಮತ್ತೆ ಕೆಲವರು ವ್ಯಾಖ್ಯಾನಿಸುತ್ತಾರೆ. ಸ್ತ್ರೀಯು ಉಪದೇಶಿಸಬಾರದೆಂದು ಕಟುವಾಗಿ ವಿಧಿಸುವ ತಿಮೊಥೆಯ ಮೊದಲ ಪತ್ರಿಕೆಯಂತೂ ಪೌಲನ ನಂತರದ ತಲೆಮಾರಿನದೆಂದು ಇಂದಿನ ಬಹುಸಂಖ್ಯೆಯ ಸಂಶೋಧಕರ ಮತ.

ಇಲ್ಲಿ ಇತಿಹಾಸಕಾರರು ಮರೆಯಬಾರದ ಒಂದು ಸೂತ್ರವಿದೆ. ಯಾರೂ ಮಾಡದಿರುವ ಕೆಲಸವನ್ನು ಯಾರೂ ನಿಷೇಧಿಸುವುದಿಲ್ಲ. ಸುಮಾರು 200ನೆಯ ಇಸವಿಯಲ್ಲಿ ಕಾರ್ಥೇಜಿನ ತೆರ್ತುಲ್ಯನನು, ಥೆಕ್ಲಳೆಂಬ ಸಾಧ್ವಿಯ ಕಥೆಯನ್ನು ಮುಂದೊಡ್ಡಿ ತಮಗೂ ಬೋಧಿಸುವ, ದೀಕ್ಷಾಸ್ನಾನ ಕೊಡುವ ಹಕ್ಕಿದೆಯೆಂದು ಹೇಳುವ ಹೆಂಗಸರನ್ನು ಖಂಡಿಸುತ್ತಾನೆ. ಅವನ ಕೋಪದಿಂದಲೇ ನಮಗೆ ಅವರ ವಾದ ತಿಳಿದುಬಂದಿದೆ. ಅದೇ ಕಾರ್ಥೇಜಿನಲ್ಲಿ 203ರಲ್ಲಿ ಮೃಗಗಳ ಬಾಯಿಗೆ ಒಡ್ಡಲ್ಪಟ್ಟ ಪೆರ್ಪೆತುವಾ ಎಂಬ ಎಳೆವಯಸ್ಸಿನ ತಾಯಿ ಸೆರೆಮನೆಯಲ್ಲಿ ತಾನು ಕಂಡದ್ದನ್ನು, ಅನುಭವಿಸಿದ್ದನ್ನು ಬರೆದಿಟ್ಟಳು. ಆದಿಸಭೆಯ ಸ್ತ್ರೀಯೊಬ್ಬಳ ಸ್ವಂತ ಮಾತು ನಮಗೆ ದಕ್ಕಿರುವ ಅಪೂರ್ವ ಪ್ರಸಂಗಗಳಲ್ಲಿ ಇದೊಂದು.

5. ಸಭಾಸೇವಕಿಯರ ಕಾಲ

ಸುಮಾರು 112ರಲ್ಲಿ ಬಿಥುನ್ಯದ ರಾಜ್ಯಪಾಲ ಪ್ಲೀನಿಯು ಟ್ರಾಜನ್ ಚಕ್ರವರ್ತಿಗೆ ಕ್ರೈಸ್ತರ ಬಗ್ಗೆ ವರದಿ ಕಳುಹಿಸಿದನು. ನಿಜ ತಿಳಿಯಲೆಂದು ಇಬ್ಬರು ದಾಸಿಯರನ್ನು ಚಿತ್ರಹಿಂಸೆಗೆ ಗುರಿಪಡಿಸಿದೆನೆಂದೂ, ಕ್ರೈಸ್ತರು ಅವರನ್ನು 'ಮಿನಿಸ್ತ್ರಾ' ಎಂದು ಕರೆಯುತ್ತಿದ್ದರೆಂದೂ ಅದರಲ್ಲಿ ಹೇಳಿದ್ದಾನೆ. ಇದು ಫೊಯಿಬೆಗೆ ಸಂದ ಪದದ ಲ್ಯಾಟಿನ್ ರೂಪವೆಂದು ತಿಳಿಯಲಾಗಿದೆ. ಸಮಾಜದ ಕಟ್ಟಕಡೆಯ ಮೆಟ್ಟಿಲಲ್ಲಿದ್ದ ದಾಸಿಯರು ಸಭೆಯಲ್ಲಿ ಪದವಿಯುಳ್ಳವರಾಗಿದ್ದರು. ಅವರ ಪದವಿಯನ್ನು ದಾಖಲಿಸಿದ ಪ್ಲೀನಿಗೆ ಹೆಸರು ಕೇಳಬೇಕೆನಿಸಲಿಲ್ಲ, ಅಥವಾ ಬರೆಯಬೇಕೆನಿಸಲಿಲ್ಲ.

ಮೂರನೆಯ ಶತಮಾನದ ಸಿರಿಯಾದಲ್ಲಿ ರಚಿತವಾದ 'ದಿದಸ್ಕಾಲಿಯಾ' ಎಂಬ ಸಭಾನಿಯಮಗ್ರಂಥವು ಸಭಾಸೇವಕಿಯ ಕೆಲಸವನ್ನು ವಿವರಿಸುತ್ತದೆ. ಅನ್ಯಮತೀಯರ ಮನೆಗಳ ಒಳಗಿರುವ ಹೆಂಗಸರ ಬಳಿಗೆ ಪುರುಷ ಸೇವಕನನ್ನು ಕಳುಹಿಸುವಂತಿಲ್ಲ. ಅಲ್ಲಿಗೆ ಅವಳು ಹೋಗಬೇಕು. ರೋಗಿಗಳಾದ ಸ್ತ್ರೀಯರನ್ನು ಅವಳು ಉಪಚರಿಸಬೇಕು. ದೀಕ್ಷಾಸ್ನಾನದಲ್ಲಿ ನೀರಿಗಿಳಿಯುವ ಸ್ತ್ರೀಯರ ಮೈಗೆ ತೈಲ ಹಚ್ಚಬೇಕು, ನೀರಿನಿಂದ ಮೇಲೆದ್ದವರಿಗೆ ಧರ್ಮದ ಬಾಳುವೆಯನ್ನು ಕಲಿಸಬೇಕು. ಸಭಾಸೇವಕನನ್ನು ಕ್ರಿಸ್ತನ ಸ್ಥಾನದಲ್ಲಿಯೂ ಸಭಾಸೇವಕಿಯನ್ನು ಪವಿತ್ರಾತ್ಮನ ಸ್ಥಾನದಲ್ಲಿಯೂ ಗೌರವಿಸಬೇಕೆಂದು ಆ ಗ್ರಂಥ ಹೇಳುತ್ತದೆ. ಸಿರಿಯಾಕ್ ಭಾಷೆಯಲ್ಲಿ 'ಆತ್ಮ' ಎಂಬ ಪದ ಸ್ತ್ರೀಲಿಂಗದ್ದೆಂಬುದು ಇಲ್ಲಿ ಸ್ಮರಣೀಯ.

ನಾಲ್ಕನೆಯ ಶತಮಾನದ ಕೊನೆಯ 'ಅಪೊಸ್ತಲರ ಸಂವಿಧಾನಗಳು' ಎಂಬ ಗ್ರಂಥದಲ್ಲಿ ಧರ್ಮಾಧ್ಯಕ್ಷನು ಸಭಾಸೇವಕಿಯ ತಲೆಯ ಮೇಲೆ ಕೈಯಿಟ್ಟು ಮಾಡಬೇಕಾದ ಪ್ರಾರ್ಥನೆಯೇ ಇದೆ. ಮಿರ್ಯಾಮ, ದೆಬೋರ, ಹನ್ನ, ಹುಲ್ದ ಎಂಬ ಪ್ರವಾದಿನಿಯರನ್ನು ಅದು ನೆನೆಯುತ್ತದೆ. ಆದರೆ ಅದೇ ಗ್ರಂಥ, ಅವಳು ಆಶೀರ್ವದಿಸಕೂಡದು, ಗುರುಗಳ ಮತ್ತು ಸೇವಕರ ಕಾರ್ಯ ಮಾಡಕೂಡದು, ಬಾಗಿಲು ಕಾಯಬೇಕು, ಸ್ತ್ರೀಯರ ದೀಕ್ಷಾಸ್ನಾನದಲ್ಲಿ ನೆರವಾಗಬೇಕು ಎಂದು ಮಿತಿಯನ್ನೂ ಹಾಕುತ್ತದೆ. ಪದವಿ ಕೊಟ್ಟ ಕೈಯೇ ಅದರ ಸುತ್ತ ಬೇಲಿಯನ್ನೂ ಹಾಕಿತು. ಸತ್ಯನಿಷ್ಠೆಯಿಂದ ಈ ಎರಡನ್ನೂ ಹೇಳಬೇಕು. ಆದಿಸಭೆ ಸ್ತ್ರೀಸಮಾನತೆಯ ಸ್ವರ್ಗವಾಗಿತ್ತೆಂದು ಬಣ್ಣಿಸುವುದು ನನ್ನ ಉದ್ದೇಶವಲ್ಲ.

ಆದರೂ ಆ ಪದವಿ ಕಾಟಾಚಾರದ್ದಾಗಿರಲಿಲ್ಲ. 451ರ ಖಲ್ಕೆದೋನಿನ ಮಹಾಸಭೆ ತನ್ನ 15ನೆಯ ನಿಯಮದಲ್ಲಿ ನಲವತ್ತು ವರ್ಷ ತುಂಬದ ಸ್ತ್ರೀಗೆ ಸಭಾಸೇವಕಿಯ ದೀಕ್ಷೆ ಕೊಡಬಾರದೆಂದು ವಿಧಿಸಿತು. 535ರಲ್ಲಿ ಜಸ್ಟಿನಿಯನ್ ಚಕ್ರವರ್ತಿಯು ಕಾನ್‌ಸ್ಟಾಂಟಿನೋಪಲಿನ ಮಹಾದೇವಾಲಯದ ಸಿಬ್ಬಂದಿಗೆ ಮಿತಿ ನಿಗದಿಪಡಿಸಿದಾಗ 60 ಗುರುಗಳು, 100 ಸಭಾಸೇವಕರು, 40 ಸಭಾಸೇವಕಿಯರು ಎಂದು ಬರೆಯಿಸಿದನು. ಸಂಬಳ ಸಾರಿಗೆಯ ಲೆಕ್ಕಪತ್ರದೊಳಗೆ ಬಂದ ಪದವಿಯನ್ನು ಬರಿಯ ಗೌರವದ ಮಾತೆಂದು ತಳ್ಳಿಹಾಕಲಾಗದು. ಜೆರುಸಲೇಮಿನ ಎಣ್ಣೆಮರಗಳ ಗುಡ್ಡದಲ್ಲಿ 1903ರಲ್ಲಿ ದೊರೆತ ಸಮಾಧಿಶಿಲೆಯೊಂದು ಸೋಫಿಯಾ ಎಂಬ ಸಭಾಸೇವಕಿಯನ್ನು ಎರಡನೆಯ ಫೊಯಿಬೆ ಎಂದು ಕರೆದಿದೆ. ಶತಮಾನಗಳು ಕಳೆದ ಮೇಲೂ ಸ್ತ್ರೀಯರು ಫೊಯಿಬೆಯನ್ನು ತಮ್ಮ ಪರಂಪರೆಯ ಮೂಲವೆಂದು ನೆನಪಿಟ್ಟುಕೊಂಡಿದ್ದರು.

ಈ ಸಭಾಸೇವಕಿಯರಲ್ಲಿ ಒಲಿಂಪಿಯಾಸಳ ಹೆಸರನ್ನು ಹೇಳಲೇಬೇಕು. ಕಾನ್‌ಸ್ಟಾಂಟಿನೋಪಲಿನ ಸಿರಿವಂತ ವಿಧವೆ. ಚಕ್ರವರ್ತಿಯೇ ಒತ್ತಾಯಿಸಿದರೂ ಮರುಮದುವೆಗೆ ಒಪ್ಪದವಳು. ಸಭಾಸೇವಕಿಯಾಗಿ ತನ್ನ ಅಪಾರ ಆಸ್ತಿಯನ್ನು ಬಡವರಿಗೂ ಸಭೆಗೂ ಧಾರೆಯೆರೆದಳು. ಮಹಾದೇವಾಲಯದ ಪಕ್ಕದಲ್ಲಿ ಸ್ತ್ರೀಮಠವನ್ನು ಕಟ್ಟಿಸಿದಳು. ಹಿಂದೆ ಹೇಳಿದ ಕ್ರಿಸೊಸ್ಟಮ್ 404ರಲ್ಲಿ ಗಡೀಪಾರಾದಾಗ ಅವನ ಪಕ್ಷವನ್ನು ಬಿಡದೆ ನಿಂತು ತಾನೂ ಶಿಕ್ಷೆ ಅನುಭವಿಸಿದಳು. ಗಡೀಪಾರಿನಿಂದ ಅವನು ಅವಳಿಗೆ ಬರೆದ 17 ಪತ್ರಗಳು ಉಳಿದಿವೆ. ಅವಳು ಬರೆದ ಒಂದು ಪತ್ರವೂ ಉಳಿದಿಲ್ಲ.

6. ಮರೆಯಾದ ಬಗೆ

ಕಾರಣಗಳು ಹಲವು. 313ರ ನಂತರ ಕ್ರೈಸ್ತಧರ್ಮಕ್ಕೆ ರಾಜಮನ್ನಣೆ ದೊರೆತು, ಸಭೆ ಮನೆಯಿಂದ ಭವನಕ್ಕೆ ಬಂದಿತು. ರೋಮನರ ದೃಷ್ಟಿಯಲ್ಲಿ ಮನೆ ಹೆಂಗಸಿನದು, ಸಾರ್ವಜನಿಕ ಸ್ಥಳ ಗಂಡಸಿನದು. ಸಭೆ ಸಾರ್ವಜನಿಕವಾದೊಡನೆ ಮನೆಯೊಡತಿಯ ಹಿರಿತನಕ್ಕೆ ನೆಲೆ ತಪ್ಪಿತು. ಎರಡನೆಯದಾಗಿ, ವಯಸ್ಕರ ಬದಲು ಶಿಶುಗಳಿಗೆ ದೀಕ್ಷಾಸ್ನಾನ ಕೊಡುವುದು ರೂಢಿಯಾದಂತೆ ಸಭಾಸೇವಕಿಯ ಮುಖ್ಯ ಕಾರ್ಯವೇ ಇಲ್ಲವಾಯಿತು. ಮೂರನೆಯದು ಮೈಲಿಗೆಯ ಭಾವನೆ. ಮುಟ್ಟಾದ ಸ್ತ್ರೀಯು ಬಲಿಪೀಠವನ್ನು ಸಮೀಪಿಸಬಾರದೆಂಬ ಮಾತು ಮೂರನೆಯ ಶತಮಾನದಲ್ಲಿಯೇ ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷ ದಿಯೊನುಸ್ಯನ ಪತ್ರದಲ್ಲಿ ಕಾಣುತ್ತದೆ. 12ನೆಯ ಶತಮಾನದ ಬಲ್ಸಮೋನನೆಂಬ ಗ್ರೀಕ್ ಧರ್ಮಶಾಸ್ತ್ರಜ್ಞನು, ಹಿಂದೆ ಸಭಾಸೇವಕಿಯರು ಬಲಿಪೀಠದವರೆಗೂ ಹೋಗುತ್ತಿದ್ದರೆಂದೂ ತಿಂಗಳ ಮೈಲಿಗೆಯ ಕಾರಣದಿಂದ ಅದು ನಿಂತಿತೆಂದೂ ಸ್ಪಷ್ಟವಾಗಿಯೇ ಬರೆದಿದ್ದಾನೆ. ಈ ತರ್ಕವು ಭಾರತೀಯರಾದ ನಮ್ಮ ಕಿವಿಗೆ ಅಪರಿಚಿತವಲ್ಲ. ಪಶ್ಚಿಮದಲ್ಲಿ ಇನ್ನೂ ಬೇಗನೆ, 441ರ ಓರಾಂಜ್ ಸಭೆಯೂ 533ರ ಓರ್ಲಿಯನ್ಸ್ ಸಭೆಯೂ ಸ್ತ್ರೀಯರಿಗೆ ಈ ದೀಕ್ಷೆ ಕೊಡಕೂಡದೆಂದು ನಿಷೇಧಿಸಿದವು. ಒಂದೇ ಪ್ರಾಂತದಲ್ಲಿ ತೊಂಬತ್ತು ವರ್ಷದ ಅಂತರದಲ್ಲಿ ಎರಡು ಬಾರಿ ನಿಷೇಧಿಸಬೇಕಾಯಿತೆಂದರೆ, ನಡುವೆ ಆ ಪದ್ಧತಿ ನಿಂತಿರಲಿಲ್ಲವೆಂದೇ ಅರ್ಥ.

7. ಇಂದಿನ ಮಾತು

ಈ ಹಳೆಯ ವಿಚಾರ ಇಂದು ಏಕೆ ಎಂದು ತಾವು ಕೇಳಬಹುದು. ಹಿಂದೆ ಇರಲಿಲ್ಲ, ಆದ್ದರಿಂದ ಇಂದೂ ಕೊಡಲಾಗದು ಎಂಬುದು ಸ್ತ್ರೀಯರಿಗೆ ಎಲ್ಲೆಡೆಯೂ ಕೊಡುವ ಉತ್ತರ. ಹಿಂದೆ ಇತ್ತೆಂದು ತೋರಿಸಿದರೆ ಆ ಉತ್ತರ ಸಡಿಲವಾಗುತ್ತದೆ. 1836ರಲ್ಲಿ ಜರ್ಮನಿಯ ಕೈಸರ್‌ಸ್ವರ್ತಿನಲ್ಲಿ ಸಭಾಸೇವಕಿಯರ ಸಂಸ್ಥೆ ಹೊಸದಾಗಿ ಹುಟ್ಟಿದಾಗ ಫೊಯಿಬೆಯೇ ಅದಕ್ಕೆ ಆದರ್ಶವಾಗಿದ್ದಳು. ನಮ್ಮ ನಾಡಿನಲ್ಲಿಯೂ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಮುಂತಾದ ಸಂಸ್ಥೆಗಳ ಆಶ್ರಯದಲ್ಲಿ 'ಬೈಬಲ್ ವುಮನ್' ಎಂದು ಕರೆಯಲ್ಪಟ್ಟ ದೇಶೀಯ ಸ್ತ್ರೀಯರು, ಪುರುಷ ಉಪದೇಶಿಗಳಿಗೆ ಪ್ರವೇಶವಿಲ್ಲದ ಮನೆಗಳ ಒಳಗೆ ಹೋಗಿ ಓದು ಕಲಿಸಿದರು, ಬೋಧಿಸಿದರು. ಸಿರಿಯಾದ ಆ ನಿಯಮಗ್ರಂಥ ಹೇಳಿದ ಕೆಲಸವೇ ಇದು. ಹದಿನಾರು ಶತಮಾನಗಳ ತರುವಾಯ.

1947ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಸಭೆಯಲ್ಲಿ 2013ರ ಸೆಪ್ಟೆಂಬರ್ 30ರಂದು ಇ. ಪುಷ್ಪಲಲಿತ ಅವರು ನಂದ್ಯಾಲದ ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾದರು. ಆ ಸಭೆಯ ಪ್ರಥಮ ಮಹಿಳಾ ಧರ್ಮಾಧ್ಯಕ್ಷರು ಅವರು. ರೋಮನ್ ಕಥೋಲಿಕ ಸಭೆ ಸ್ತ್ರೀಯರ ಗುರುದೀಕ್ಷೆಯನ್ನು ಒಪ್ಪಿಲ್ಲ. ಆದರೆ ಸಭಾಸೇವಕಿಯರ ಇತಿಹಾಸವನ್ನು ಪರಿಶೀಲಿಸಲು ಫ್ರಾನ್ಸಿಸ್ ಪೋಪರು 2016ರಲ್ಲಿಯೂ 2020ರಲ್ಲಿಯೂ ಆಯೋಗಗಳನ್ನು ನೇಮಿಸಿದರು. 2024ರಲ್ಲಿ ಅಲೆಕ್ಸಾಂಡ್ರಿಯದ ಗ್ರೀಕ್ ಆರ್ಥೊಡಾಕ್ಸ್ ಸಭೆ ಜಿಂಬಾಬ್ವೆಯಲ್ಲಿ ಒಬ್ಬ ಸ್ತ್ರೀಗೆ ಸಭಾಸೇವಕಿಯ ದೀಕ್ಷೆ ನೀಡಿತು. ಎರಡು ಸಾವಿರ ವರ್ಷದ ಹಿಂದಿನ ಒಂದು ಪದದ ಅರ್ಥ ಏನೆಂಬ ಪ್ರಶ್ನೆ ಇಂದು ಬದುಕಿರುವ ಸ್ತ್ರೀಯರ ಅಧಿಕಾರದ ಪ್ರಶ್ನೆಯೂ ಆಗಿರುವುದು ಹೀಗೆ.

ಕೊನೆಯದಾಗಿ ನಮ್ಮ ಸಂಘಗಳ ಕುರಿತು ಒಂದು ಮಾತು. ಹೊರನಾಡಿನ ಎಷ್ಟೋ ಕನ್ನಡ ಸಂಘಗಳು ಹುಟ್ಟಿದ್ದು ಯಾರದೋ ಮನೆಯ ಪಡಸಾಲೆಯಲ್ಲಿ. ಊರಿನಿಂದ ಹೊಸದಾಗಿ ಬಂದವರಿಗೆ ಕೆಲಸ ಸಿಗುವವರೆಗೆ ಊಟ ಹಾಕಿದವರು, ಮಕ್ಕಳನ್ನು ಕೂಡಿಸಿ ಅಕ್ಷರ ತಿದ್ದಿಸಿದವರು, ನಾಟಕದ ತಾಲೀಮಿಗೆ ಜಾಗ ಬಿಟ್ಟುಕೊಟ್ಟವರು ಯಾರೆಂದು ಹಿರಿಯರಿಗೆ ಗೊತ್ತು. ಸಂಘಕ್ಕೆ ಸ್ವಂತ ಕಟ್ಟಡವಾಗಿ ಗೋಡೆಯ ಮೇಲೆ ಸ್ಥಾಪಕರ ಫಲಕ ಏರಿದಾಗ ಅಲ್ಲಿ ಯಾರ ಹೆಸರುಗಳಿರುತ್ತವೆ ಎಂಬುದೂ ಗೊತ್ತು. ಬೆಳ್ಳಿಹಬ್ಬ, ಚಿನ್ನದ ಹಬ್ಬಗಳ ಸ್ಮರಣಸಂಚಿಕೆ ತರುವಾಗ ಆ ತಾಯಂದಿರಿಗೆ 'ಸಹಕರಿಸಿದ ಮಹಿಳೆಯರು' ಎಂಬ ಒಂದೇ ಸಾಲಿನ ಕೃತಜ್ಞತೆ ಸಾಲದು. ಬದುಕಿರುವವರನ್ನು ಈಗಲೇ ಮಾತನಾಡಿಸಿ ಬರೆದಿಟ್ಟುಕೊಳ್ಳೋಣ, ಪತ್ರಗಳಿದ್ದರೆ ಸಂಗ್ರಹಿಸೋಣ, ಪೋಷಕರಾದವರನ್ನು ಪೋಷಕರೆಂದೇ, ಸ್ಥಾಪಕರಾದವರನ್ನು ಸ್ಥಾಪಕರೆಂದೇ ಅವರವರ ಹೆಸರು ಹಿಡಿದು ಮುದ್ರಿಸೋಣ. ಮಹಿಳಾ ವಿಭಾಗದವರು ಈ ಕೆಲಸವನ್ನು ಕೈಗೆತ್ತಿಕೊಂಡರೆ ನನ್ನಿಂದಾದ ನೆರವು ಕೊಡಲು ನಾನು ಸಿದ್ಧಳಿದ್ದೇನೆ.